ಗ್ಯಾಸ್ ಗೀಸರ್‌ನಲ್ಲಿ ಇ-1 ಬಂದರೆ ಏನರ್ಥ? ಮೆಕ್ಯಾನಿಕ್‌ನ ಯಾವಾಗ ಕರೆಯಬೇಕು?

ಪ್ರಶ್ನೆ: ನಾವು ಬೆಂಗಳೂರಿನ ವಿಜಯನಗರದಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ಗ್ಯಾಸ್ ಗೀಸರ್ ಬಾತ್‌ರೂಮ್ ಒಳಗೇ ಇದೆ, ಸಿಲಿಂಡರ್ ಯುಟಿಲಿಟಿಯಲ್ಲಿದೆ. ಬೆಳಿಗ್ಗೆ ಮೊದಲ ಇಬ್ಬರ ಸ್ನಾನ ಸರಾಗವಾಗಿ ಆಗುತ್ತದೆ. ಮೂರನೆಯವರು ಹೋದಾಗ ಮಧ್ಯದಲ್ಲೇ ಉರಿ ಆರಿ ಡಿಸ್‌ಪ್ಲೇ ಮೇಲೆ ಇ-1 ಅಂತ ಬರುತ್ತದೆ. ನಲ್ಲಿ ನಿಲ್ಲಿಸಿ ಮತ್ತೆ ತಿರುಗಿಸಿದರೆ ಹತ್ತಿಕೊಳ್ಳುತ್ತದೆ. ಅಂಗಡಿಯವರು ಹೇಳಿದ ಹಾಗೆ ಸೆಲ್ ಬದಲಿಸಿದೆವು, ಪ್ರಯೋಜನವಾಗಲಿಲ್ಲ. ಲಂಡನ್ನಿನಲ್ಲಿರುವ ನನ್ನ ತಮ್ಮ, ಅವನ ಮನೆ ಬಾಯ್ಲರ್‌ನಲ್ಲೂ ಎಫ್-28 ಅಂತ ಬಂದಿತ್ತು, ರೀಸೆಟ್ ಒತ್ತಿದೆ, ಸರಿಹೋಯಿತು ಅನ್ನುತ್ತಾನೆ. ಸೆನ್ಸರ್ ಹಾಳಾಗಿದೆಯಾ? ಯಾವುದನ್ನು ನಾವೇ ನೋಡಿಕೊಳ್ಳಬಹುದು, ಯಾವುದಕ್ಕೆ ಮೆಕ್ಯಾನಿಕ್ ಬೇಕು? ಕಳೆದ ವಾರ ಮಗಳು ಸ್ನಾನ ಮುಗಿಸಿ ಬಂದವಳು ತಲೆ ಸುತ್ತುತ್ತಿದೆ ಅಂತ ಕೂತುಬಿಟ್ಟಳು. ಚಳಿಗೆ ಇರಬಹುದು ಅಂದುಕೊಂಡೆವು.

ಉತ್ತರ: ನಿಮ್ಮ ಪತ್ರದ ಕೊನೆಯ ಎರಡು ಸಾಲಿಗೆ ಮೊದಲು ಉತ್ತರ ಕೊಡುತ್ತೇನೆ. ಮಗಳಿಗೆ ತಲೆ ಸುತ್ತಿದ್ದು ಚಳಿಗಲ್ಲ ಅಂತಲೇ ಇಟ್ಟುಕೊಳ್ಳಿ. ಇವತ್ತಿನಿಂದ ಆ ಗೀಸರ್‌ನಲ್ಲಿ ಯಾರೂ ಸ್ನಾನ ಮಾಡಬೇಡಿ. ಮೆಕ್ಯಾನಿಕ್ ಬಂದು ನೋಡುವ ತನಕ ಒಲೆ ಮೇಲೆ ನೀರು ಕಾಯಿಸಿಕೊಳ್ಳಿ. ತೊಂದರೆ ಅನ್ನಿಸುತ್ತದೆ, ಗೊತ್ತು. ಆದರೆ ಬಾಗಿಲು ಹಾಕಿದ ಬಾತ್‌ರೂಮ್, ಒಳಗೇ ಉರಿಯುವ ಗ್ಯಾಸ್, ಮಧ್ಯದಲ್ಲಿ ಆರುವ ಉರಿ, ಆಮೇಲೆ ತಲೆಸುತ್ತು. ಈ ನಾಲ್ಕೂ ಒಟ್ಟಿಗೆ ಬಂದಾಗ ನಾನು ಮೊದಲು ಅನುಮಾನಿಸುವುದು ಕಾರ್ಬನ್ ಮಾನಾಕ್ಸೈಡ್ ಅನ್ನು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸಿಲಿಂಡರ್ ಗ್ಯಾಸ್ ಲೀಕ್ ಆದರೆ ಗೊತ್ತಾಗಲಿ ಅಂತ ಅದಕ್ಕೆ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಕಾರ್ಬನ್ ಮಾನಾಕ್ಸೈಡ್ ಹಾಗಲ್ಲ. ಅದು ಗ್ಯಾಸ್ ಸರಿಯಾಗಿ ಉರಿಯದೆ ಹುಟ್ಟುವ ವಿಷ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಕೂತುಬಿಡುತ್ತದೆ, ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ. ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲಲ್ಲಿ ಶಕ್ತಿ ಇಲ್ಲದಂತಾಗುವುದು, ಆಮೇಲೆ ಪ್ರಜ್ಞೆ ತಪ್ಪುವುದು. ವೈದ್ಯರು ಇದಕ್ಕೆ 'ಗ್ಯಾಸ್ ಗೀಸರ್ ಸಿಂಡ್ರೋಮ್' ಅಂತಲೇ ಹೆಸರಿಟ್ಟಿದ್ದಾರೆ ಅಂದರೆ ನಮ್ಮ ದೇಶದಲ್ಲಿ ಇದು ಎಷ್ಟು ಸಲ ಆಗಿರಬೇಕು ಯೋಚಿಸಿ.

ಮಗಳನ್ನು ಒಮ್ಮೆ ಡಾಕ್ಟರಿಗೆ ತೋರಿಸಿ, ಗೀಸರ್ ವಿಷಯ ತಪ್ಪದೆ ಹೇಳಿ. ಹೇಳದಿದ್ದರೆ ಅವರಿಗೆ ಹೊಳೆಯದೇ ಹೋಗಬಹುದು. ಇನ್ನೊಂದು ಮಾತು. ಕೋವಿಡ್ ಕಾಲದಲ್ಲಿ ಎಷ್ಟೋ ಮನೆಗಳಿಗೆ ಬೆರಳಿಗೆ ಹಾಕುವ ಆಕ್ಸಿಮೀಟರ್ ಬಂತಲ್ಲ, ಅದನ್ನು ಈ ವಿಷಯದಲ್ಲಿ ನಂಬಬೇಡಿ. ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವೂ ಅದಕ್ಕೆ ಕೆಂಪಗೇ ಕಾಣುತ್ತದೆ. ಹಾಗಾಗಿ 98 ಅಂತ ತೋರಿಸಿಬಿಡುತ್ತದೆ. ಆಸ್ಪತ್ರೆಯ ರಕ್ತ ಪರೀಕ್ಷೆಯಲ್ಲೇ ನಿಜ ತಿಳಿಯಬೇಕು, ಅದೂ ಬೇಗ ಮಾಡಿಸಿದರೆ ಮಾತ್ರ. ಮುಂದೆ ಯಾವತ್ತಾದರೂ ಒಳಗಿರುವವರು ಕರೆದರೆ ಓಗೊಡದಿದ್ದರೆ, ಬಾಗಿಲು ಒಡೆದಾದರೂ ತೆರೆಯಿರಿ. ಗ್ಯಾಸ್ ಮುಚ್ಚಿ, ಅವರನ್ನು ಬಯಲಿಗೆ ತನ್ನಿ, 108ಕ್ಕೆ ಫೋನ್ ಮಾಡಿ.

ಈಗ ಇ-1 ವಿಷಯಕ್ಕೆ ಬರೋಣ. ಗೀಸರ್ ಒಳಗೆ ನಡೆಯುವುದು ಇಷ್ಟು. ನಲ್ಲಿ ತಿರುಗಿಸಿದಾಗ ನೀರು ಒಳಗಿನ ರಬ್ಬರ್ ಡಯಾಫ್ರಾಮನ್ನು, ಅಂದರೆ ತೆಳು ಪದರವನ್ನು, ಒತ್ತುತ್ತದೆ. ಅದು ಒಂದು ಪಿನ್ ತಳ್ಳಿ ಮೈಕ್ರೋಸ್ವಿಚ್ ಆನ್ ಮಾಡುತ್ತದೆ. ಕಂಟ್ರೋಲ್ ಬಾಕ್ಸ್‌ಗೆ ಎರಡು ದೊಡ್ಡ ಸೆಲ್ಲಿನಿಂದ ಕರೆಂಟ್ ಬಂದು ಟಿಕ್ ಟಿಕ್ ಅಂತ ಕಿಡಿ ಶುರುವಾಗುತ್ತದೆ, ಗ್ಯಾಸ್ ವಾಲ್ವ್ ತೆರೆಯುತ್ತದೆ, ಬರ್ನರ್ ಹತ್ತಿಕೊಳ್ಳುತ್ತದೆ. ಬರ್ನರ್ ಮೇಲೆ ಚಾಚಿಕೊಂಡಿರುವ ಒಂದು ತೆಳ್ಳನೆ ಕಡ್ಡಿ ಇರುತ್ತದೆ. ಅದೇ ಫ್ಲೇಮ್ ಸೆನ್ಸರ್. ಬೆಂಕಿಯ ಮೂಲಕ ಅತಿ ಸಣ್ಣ ಕರೆಂಟ್ ಹರಿಯುತ್ತದೆ, ಆ ಕಡ್ಡಿ ಅದನ್ನು ಹಿಡಿದು 'ಉರಿ ಇದೆ' ಅಂತ ಬಾಕ್ಸ್‌ಗೆ ತಿಳಿಸುತ್ತದೆ. ಕೆಲವು ಸೆಕೆಂಡಿನೊಳಗೆ ಆ ಸುದ್ದಿ ಬರಲಿಲ್ಲ, ಅಥವಾ ಮಧ್ಯದಲ್ಲಿ ನಿಂತುಹೋಯಿತು ಅಂದರೆ ಬಾಕ್ಸ್ ಗ್ಯಾಸ್ ಮುಚ್ಚಿ ಕೋಡ್ ತೋರಿಸುತ್ತದೆ. ನಮ್ಮಲ್ಲಿ ಸಿಗುವ ಬಹಳಷ್ಟು ಗೀಸರ್‌ಗಳಲ್ಲಿ ಅದೇ ಇ-1.

ಕೋಡ್ ಹೇಳುವುದು 'ಉರಿ ಕಾಣಿಸಲಿಲ್ಲ' ಅನ್ನುವುದನ್ನು ಮಾತ್ರ. ಯಾಕೆ ಕಾಣಿಸಲಿಲ್ಲ ಅಂತ ಅದು ಹೇಳುವುದಿಲ್ಲ. ಸೆಲ್ ಸೊರಗಿರಬಹುದು, ಗ್ಯಾಸ್ ಸಾಲದೆ ಇರಬಹುದು, ಗಾಳಿ ಸಾಲದೆ ಇರಬಹುದು, ಕಡ್ಡಿಗೆ ಮಸಿ ಹಿಡಿದಿರಬಹುದು. ಎಲ್ಲದಕ್ಕೂ ಒಂದೇ ಇ-1. ಅದಕ್ಕೇ ನಾನು ಯಾರನ್ನಾದರೂ ಮೊದಲು ಕೇಳುವುದು ಯಾವ ನಂಬರ್ ಅಂತ ಅಲ್ಲ, ಯಾವಾಗ ಬಂತು ಅಂತ. ನಿಮ್ಮ ಪತ್ರದಲ್ಲಿ ಅದು ಚೆನ್ನಾಗಿ ಬರೆದಿದ್ದೀರಿ. ಮೊದಲ ಇಬ್ಬರಿಗೆ ಬರಲ್ಲ, ಮೂರನೆಯವರಿಗೆ ಬರುತ್ತದೆ, ಅದೂ ಮಧ್ಯದಲ್ಲಿ.

ಸೆಲ್ ವೀಕ್ ಆಗಿದ್ದರೆ ಮೊದಲನೆಯವರಿಗೇ ಹತ್ತುತ್ತಿರಲಿಲ್ಲ. ಟಿಕ್ ಟಿಕ್ ನಿಧಾನವಾಗಿ, ಬಿಟ್ಟು ಬಿಟ್ಟು ಕೇಳಿಸುತ್ತಿತ್ತು. ಸೆಲ್ ಬದಲಿಸಿದ್ದು ತಪ್ಪಲ್ಲ, ಆದರೆ ನಿಮ್ಮ ಕಾಯಿಲೆ ಅದಲ್ಲ. ನೀರಿನ ಒತ್ತಡವೂ ಅಲ್ಲ ಅಂತ ನನ್ನ ಅಂದಾಜು. ಟಾಪ್ ಫ್ಲೋರ್ ಮನೆಗಳಲ್ಲಿ ಅದು ದೊಡ್ಡ ತಲೆನೋವು ನಿಜ. ಹತ್ತಿಕೊಳ್ಳಲು ಬಹಳ ಗೀಸರ್‌ಗಳಿಗೆ ಕನಿಷ್ಠ ಎರಡು, ಎರಡೂವರೆ ಮೀಟರ್ ಎತ್ತರದಿಂದ ಬೀಳುವ ನೀರಿನಷ್ಟು ಒತ್ತಡ ಬೇಕು. ಟ್ಯಾಂಕ್ ನೇರವಾಗಿ ತಾರಸಿ ಮೇಲೆ ಕೂತಿದ್ದರೆ ಅಷ್ಟು ಸಿಗುವುದೇ ಕಷ್ಟ. ಆದರೆ ನೀರು ಸಾಲದಿದ್ದರೆ ಮೈಕ್ರೋಸ್ವಿಚ್ ಆನ್ ಆಗುವುದೇ ಇಲ್ಲ. ಆಗ ಸಾಮಾನ್ಯವಾಗಿ ಟಿಕ್ ಟಿಕ್ ಶಬ್ದವೂ ಇಲ್ಲ, ಕೋಡೂ ಇಲ್ಲ, ಸುಮ್ನೆ ತಣ್ಣೀರು ಬರುತ್ತಿರುತ್ತದೆ. ಅಡುಗೆಮನೆಯಲ್ಲಿ ಯಾರೋ ನಲ್ಲಿ ಬಿಟ್ಟಾಗ ಗೀಸರ್ ಆರಿದರೂ ಹೀಗೇ, ಮಾತಿಲ್ಲದೆ ಆರುತ್ತದೆ. ಈ ವ್ಯತ್ಯಾಸ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಇನ್ನುಳಿಯುವುದು ಮುಖ್ಯವಾಗಿ ಎರಡು. ಗಾಳಿ, ಅಥವಾ ಗ್ಯಾಸಿನ ಒತ್ತಡ.

ಗಾಳಿಯ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ನಿಮಿಷಕ್ಕೆ ಆರು ಲೀಟರ್ ಕೊಡುವ ಸಾಮಾನ್ಯ ಗೀಸರ್ ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು ಒಂದು ಕಿಲೋ ಗ್ಯಾಸ್ ಸುಡುತ್ತದೆ. ಅಂದರೆ ಅಡುಗೆಮನೆಯ ನಾಲ್ಕೈದು ಒಲೆಯನ್ನು ಒಟ್ಟಿಗೆ ದೊಡ್ಡ ಉರಿಯಲ್ಲಿ ಹಚ್ಚಿದ ಹಾಗೆ. ಒಂದು ಕಿಲೋ ಗ್ಯಾಸ್ ಪೂರ್ತಿ ಉರಿಯಲು 12-13 ಘನ ಮೀಟರ್ ಗಾಳಿ ಬೇಕು. ಐದಡಿ-ಏಳಡಿಯ ಬಾತ್‌ರೂಮಿನಲ್ಲಿ ಒಟ್ಟು ಇರುವ ಗಾಳಿಯೇ ಎಂಟು ಘನ ಮೀಟರ್ ಚಿಲ್ಲರೆ. ಹತ್ತು ನಿಮಿಷದ ಸ್ನಾನಕ್ಕೆ ಅದರಲ್ಲಿ ಎರಡು ಘನ ಮೀಟರ್ ಹೋಯಿತು. ಹೊರಗಿನಿಂದ ಗಾಳಿ ಬರದಿದ್ದರೆ ಮೂವರ ಸ್ನಾನ ಮುಗಿಯುವ ಹೊತ್ತಿಗೆ ಪರಿಸ್ಥಿತಿ ಏನಾಗಿರುತ್ತದೆ ನೀವೇ ನೋಡಿ. ಆಮ್ಲಜನಕ ಕಡಿಮೆಯಾದಂತೆ ಉರಿ ತಕ್ಷಣ ಆರುವುದಿಲ್ಲ. ಮೊದಲು ಅರೆಬರೆ ಉರಿಯುತ್ತದೆ, ಆ ಹೊತ್ತಿನಲ್ಲೇ ಕಾರ್ಬನ್ ಮಾನಾಕ್ಸೈಡ್ ಜಾಸ್ತಿ ಹುಟ್ಟುವುದು. ಆಮೇಲೆ ಉರಿ ಬರ್ನರ್ ಬಿಟ್ಟು ಮೇಲೇಳುತ್ತದೆ, ಕಡ್ಡಿಗೆ ತಾಗುವುದಿಲ್ಲ, ಇ-1 ಬರುತ್ತದೆ. ಹಾಗಾಗಿ ಇ-1 ಬರುವ ಹೊತ್ತಿಗೆ ಒಳಗಿದ್ದವರು ಆಗಲೇ ಕೆಟ್ಟ ಗಾಳಿ ಕುಡಿದಿರಬಹುದು. 'ಮತ್ತೆ ಉರಿ ಹೋಯ್ತು' ಅಂತ ಕೂಗಲು ಬಾಗಿಲು ತೆರೆಯುತ್ತಾರೆ, ಹೊಸ ಗಾಳಿ ನುಗ್ಗುತ್ತದೆ, ಗೀಸರ್ ಹತ್ತಿಕೊಳ್ಳುತ್ತದೆ. ನೀವು ಅದನ್ನು ರಿಪೇರಿ ಅಂದುಕೊಳ್ಳುತ್ತೀರಿ. ತಾನಾಗಿ ಹೋಗುವ ಕೋಡ್ ನನಗೆ ಹಠ ಹಿಡಿದು ನಿಲ್ಲುವ ಕೋಡಿಗಿಂತ ಹೆಚ್ಚು ಭಯ ಹುಟ್ಟಿಸುವುದು ಇದೇ ಕಾರಣಕ್ಕೆ.

ಒಮ್ಮೆ ನಿಮ್ಮ ಬಾತ್‌ರೂಮ್ ವೆಂಟಿಲೇಟರ್ ನೋಡಿ. ಡಿಸೆಂಬರ್ ಚಳಿಗೆ ಗಾಜಿನ ಪಟ್ಟಿಗಳ ಸಂದಿಗೆ ರಟ್ಟು ಸಿಕ್ಕಿಸಿದ್ದೀರಾ? ಸೊಳ್ಳೆ ಮೆಶ್ ಮೇಲೆ ಧೂಳು, ನೂಲು ಕೂತು ಬೂದು ಪರದೆಯಾಗಿದೆಯಾ? ನಾನು ನೋಡುವ ಮನೆಗಳಲ್ಲಿ ಈ ಎರಡರಲ್ಲಿ ಒಂದಾದರೂ ಇದ್ದೇ ಇರುತ್ತದೆ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಅನ್ನುತ್ತಾರೆ. ಫ್ಯಾನ್ ಗಾಳಿಯನ್ನು ಹೊರಗೆ ತಳ್ಳಬೇಕಾದರೆ ಇನ್ನೊಂದು ಕಡೆಯಿಂದ ಗಾಳಿ ಒಳಗೆ ಬರಬೇಕು. ಬಾಗಿಲ ಕೆಳಗೆ ಸಂದಿಯೇ ಇಲ್ಲದಿದ್ದರೆ ಫ್ಯಾನ್ ಸುಮ್ನೆ ತಿರುಗುತ್ತಿರುತ್ತದೆ.

ಎರಡನೆಯದು ಗ್ಯಾಸಿನ ಒತ್ತಡ. ಸಿಲಿಂಡರ್ ಒಳಗೆ ಗ್ಯಾಸ್ ದ್ರವವಾಗಿರುತ್ತದೆ, ಆವಿಯಾಗಿ ಹೊರಬರಬೇಕು. ಆವಿಯಾಗಲು ಶಾಖ ಬೇಕು, ಅದನ್ನು ಅದು ಸಿಲಿಂಡರಿನ ಮೈಯಿಂದಲೇ ಎಳೆದುಕೊಳ್ಳುತ್ತದೆ. ಒಲೆಗೆ ಹೋಗುವಷ್ಟು ಗ್ಯಾಸಿಗೆ ಇದು ಲೆಕ್ಕಕ್ಕಿಲ್ಲ. ಗೀಸರ್ ಎಳೆಯುವುದು ಜಾಸ್ತಿ. ಬೆಂಗಳೂರಿನ ಡಿಸೆಂಬರ್-ಜನವರಿ ಬೆಳಗಿನ 15 ಡಿಗ್ರಿ ಚಳಿ, ಅರ್ಧಕ್ಕಿಂತ ಕಡಿಮೆ ಉಳಿದ ಸಿಲಿಂಡರ್, ಒಬ್ಬರ ಹಿಂದೆ ಒಬ್ಬರ ಸ್ನಾನ, ಜೊತೆಗೆ ಅದೇ ಸಿಲಿಂಡರಿನ ಪೈಪಿಗೆ ಕವಲು ಜೋಡಿಸಿ ಒಲೆಯಲ್ಲಿ ಇಡ್ಲಿ. ಸಿಲಿಂಡರ್ ತಣ್ಣಗಾಗಿ ಮೈಮೇಲೆ ನೀರಹನಿ ಕೂರುತ್ತದೆ, ಒತ್ತಡ ಇಳಿಯುತ್ತದೆ, ಮೂರನೆಯವರ ಹೊತ್ತಿಗೆ ಉರಿ ಸೊರಗುತ್ತದೆ. ಮಧ್ಯಾಹ್ನ ಹಚ್ಚಿದರೆ ಏನೂ ತೊಂದರೆ ಇರುವುದಿಲ್ಲ. ಹಾಗಂತ ಸಿಲಿಂಡರಿಗೆ ಬಿಸಿನೀರು ಸುರಿಯುವುದು, ಮಲಗಿಸುವುದು, ಅಲ್ಲಾಡಿಸುವುದು ಯಾವುದೂ ಬೇಡ. ಮಲಗಿಸಿದರೆ ದ್ರವವೇ ರೆಗ್ಯುಲೇಟರ್‌ಗೆ ನುಗ್ಗುತ್ತದೆ.

ಇವೆರಡರಲ್ಲಿ ಯಾವುದು ಅಂತ ತಿಳಿಯಲು ಒಂದು ಪರೀಕ್ಷೆ ಇದೆ. ಬೆಳಿಗ್ಗೆ ಅದೇ ಹೊತ್ತಿಗೆ ಬಾತ್‌ರೂಮ್ ಬಾಗಿಲು, ಕಿಟಕಿ ಪೂರ್ತಿ ತೆರೆದಿಡಿ. ಅಡುಗೆ ಒಲೆ ಹಚ್ಚಬೇಡಿ. ನಲ್ಲಿ ತಿರುಗಿಸಿ ಹೊರಗೆ ಬಂದು ನಿಲ್ಲಿ, ಬಕೆಟ್ ಆದ ಮೇಲೆ ಬಕೆಟ್ ತುಂಬಲಿ. ಮೂವರ ಸ್ನಾನಕ್ಕೆ ಆಗುವಷ್ಟು ಹೊತ್ತು ಇ-1 ಬರಲಿಲ್ಲವಾ? ಹಾಗಾದರೆ ಅನುಮಾನ ಗಾಳಿ ಮೇಲೆ, ಅಥವಾ ಒಲೆ-ಗೀಸರ್ ಒಟ್ಟಿಗೆ ಉರಿಸಿದ್ದರ ಮೇಲೆ. ಬಾಗಿಲು ತೆರೆದಿದ್ದೂ ಬಂತಾ? ಹಾಗಾದರೆ ಸಿಲಿಂಡರ್, ರೆಗ್ಯುಲೇಟರ್, ಪೈಪ್ ಅಥವಾ ಆ ಕಡ್ಡಿ. ಬಹಳ ಗೀಸರ್‌ಗಳು 20 ನಿಮಿಷ ಸತತ ಉರಿದ ಮೇಲೆ ತಾವಾಗಿಯೇ ಆರುತ್ತವೆ. ಅದು ಫಾಲ್ಟ್ ಅಲ್ಲ, ಕಾಪಾಡಲೆಂದೇ ಇಟ್ಟ ಟೈಮರ್. ಪರೀಕ್ಷೆಯಲ್ಲಿ ಅದನ್ನು ಇ-1 ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಉರಿ ಹಳದಿಯಾಗಿದ್ದರೆ ಅಥವಾ ಗೀಸರ್ ಮೇಲ್ಭಾಗದಲ್ಲಿ ಕಪ್ಪು ಮಸಿ ಇದ್ದರೆ ಮಾತ್ರ ಈ ಪರೀಕ್ಷೆಯೂ ಬೇಡ. ಗ್ಯಾಸ್ ಮುಚ್ಚಿ, ನೇರವಾಗಿ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ತಮ್ಮನ ಸಲಹೆ ಬಗ್ಗೆ. ಕೆಲವು ಬಾಯ್ಲರ್‌ಗಳಲ್ಲಿ ಎಫ್-28 ಅಂದರೂ ಹೆಚ್ಚುಕಡಿಮೆ ಇದೇ ಅರ್ಥ, ಉರಿ ಹತ್ತಲಿಲ್ಲ ಅಂತ. ಆದರೆ ಅಲ್ಲಿಯ ಈಗಿನ ಬಾಯ್ಲರ್‌ಗಳು ಉರಿಯುವ ಗಾಳಿಯನ್ನು ಪೈಪಿನಲ್ಲಿ ಹೊರಗಿನಿಂದ ಎಳೆದು, ಹೊಗೆಯನ್ನೂ ಹೊರಗೇ ಬಿಡುತ್ತವೆ. ಮನೆಯೊಳಗಿನ ಗಾಳಿಗೂ ಅವಕ್ಕೂ ಸಂಬಂಧ ಇಲ್ಲ. ನಮ್ಮದು ನಾವು ಉಸಿರಾಡುವ ಗಾಳಿಯನ್ನೇ ತಿಂದು ಅಲ್ಲೇ ಹೊಗೆ ಬಿಡುತ್ತದೆ. ಅಲ್ಲೂ ಸಹ ರೀಸೆಟ್ ಒಂದೆರಡು ಸಲಕ್ಕೆ ಸರಿ, ಪದೇ ಪದೇ ಬಂದರೆ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಹೆಸರಿರುವ ಎಂಜಿನಿಯರ್ ಬರಬೇಕು. 2009ರಿಂದ ಅಲ್ಲಿ ಆ ರಿಜಿಸ್ಟರ್ ಇದೆ, ಅದರಲ್ಲಿಲ್ಲದವರು ಹಣ ತೆಗೆದುಕೊಂಡು ಮನೆಯ ಗ್ಯಾಸ್ ಕೆಲಸ ಮಾಡುವಂತಿಲ್ಲ. ನಮ್ಮಲ್ಲಿ ರಸ್ತೆ ಬದಿಯ ಅಂಗಡಿಯವರೂ ಗೀಸರ್ ಬಿಚ್ಚುತ್ತಾರೆ. ಆದ್ದರಿಂದ ಯಾರನ್ನು ಕರೆಯುತ್ತೀರಿ ಅನ್ನುವುದು ನಿಮ್ಮ ಮೇಲೆಯೇ ಬಿತ್ತು.

ಬೇರೆ ಕೋಡ್‌ಗಳ ಬಗ್ಗೆ ಚಿಕ್ಕದಾಗಿ. ನಂಬರ್‌ಗಳು ಕಂಪನಿಯಿಂದ ಕಂಪನಿಗೆ ಬೇರೆ. ಒಬ್ಬರ ಇ-3 ಇನ್ನೊಬ್ಬರ ಇ-4. ಮ್ಯಾನ್ಯುಯಲ್ ಕಳೆದಿದ್ದರೆ ಗೀಸರ್ ಬದಿಯ ಸ್ಟಿಕ್ಕರ್ ನೋಡಿ, ಅಥವಾ ಮಾಡೆಲ್ ನಂಬರ್ ಹೇಳಿ ಕಂಪನಿಯವರನ್ನೇ ಕೇಳಿ. 'ಇ' ಇಲ್ಲದೆ ಬರೀ 45, 50 ಅಂತ ತೋರಿಸಿದರೆ ಅದು ನೀರಿನ ಬಿಸಿ, ಗಾಬರಿ ಬೇಡ. ಟೆಂಪರೇಚರ್ ಸೆನ್ಸರ್ ವೈರ್ ಕಿತ್ತುಹೋದ ಕೋಡ್ ಬಂದರೆ ಅವಸರವಿಲ್ಲ, ಆದರೆ ಸರಿಯಾಗುವ ತನಕ ಬಳಸಬೇಡಿ.

ಅತಿ ಬಿಸಿಯ ಕೋಡ್ ಬಗ್ಗೆ ಮಾತ್ರ ಎರಡು ಮಾತು ಜಾಸ್ತಿ ಹೇಳಬೇಕು. ಕಾವೇರಿ ನೀರು ಬರುವ ಮನೆಗಳಲ್ಲಿ ಇದು ಕಡಿಮೆ. ಬೋರ್‌ವೆಲ್, ಟ್ಯಾಂಕರ್ ನೀರಿನ ಮನೆಗಳಲ್ಲಿ ಗಡಸು ನೀರಿನ ಸುಣ್ಣ ತಾಮ್ರದ ಕಾಯಿಲ್ ಒಳಗೆ ಪದರವಾಗಿ ಕೂರುತ್ತದೆ. ಪಾತ್ರೆ ತಳದಲ್ಲಿ ಕೂರುತ್ತಲ್ಲ, ಅದೇ ಬಿಳಿ ಪದರ. ನೀರಿನ ದಾರಿ ಕಿರಿದಾಗುತ್ತದೆ, ಕಾಯಿಲ್ ಕಾಯುತ್ತದೆ, ಥರ್ಮೋಸ್ಟ್ಯಾಟ್ ಗ್ಯಾಸ್ ಕಡಿಯುತ್ತದೆ. ನೀವು ಮಾಡಬಹುದಾದದ್ದು ಇಷ್ಟು. ಗ್ಯಾಸ್ ಮುಚ್ಚಿ, ನೀರಿನ ವಾಲ್ವ್ ಮುಚ್ಚಿ, ಗೀಸರ್‌ಗೆ ತಣ್ಣೀರು ಬರುವ ಪೈಪ್ ಬಿಚ್ಚಿದರೆ ಒಂದು ಸಣ್ಣ ಜಾಲರಿ ಸಿಗುತ್ತದೆ, ಅದನ್ನು ಹಳೆಯ ಟೂತ್‌ಬ್ರಷ್‌ನಲ್ಲಿ ತೊಳೆದು ಹಾಕಿ. ಗುಂಡಿ ವಿಂಟರ್‌ನಲ್ಲಿದ್ದರೆ ಸಮ್ಮರ್‌ಗೆ ತಿರುಗಿಸಿ. ಆಗಲೂ ಬಂದರೆ ಕಾಯಿಲ್ ಕ್ಲೀನ್ ಮಾಡಿಸಬೇಕು, ಅದು ಮೆಕ್ಯಾನಿಕ್ ಕೆಲಸ. ಆಗ ಒಂದು ಎಚ್ಚರ ಇರಲಿ. ಕೆಲವರು ಥರ್ಮೋಸ್ಟ್ಯಾಟಿನ ಎರಡು ವೈರ್ ಸೇರಿಸಿ ತಿರುಚಿ, 'ಇನ್ನು ಕೋಡ್ ಬರಲ್ಲ ಮೇಡಂ' ಅಂತ ಹೊರಟುಬಿಡುತ್ತಾರೆ. ಕೋಡ್ ಬರಲ್ಲ ನಿಜ, ಆಮೇಲೆ ಗೀಸರ್ ಎಷ್ಟು ಕಾದರೂ ತಡೆಯುವವರಿಲ್ಲ. ಕವರ್ ಮುಚ್ಚುವ ಮುಂಚೆ, ಏನು ಬದಲಿಸಿದಿರಿ, ಹಳೇ ಪಾರ್ಟ್ ಕೊಡಿ ಅಂತ ಕೇಳಿ. ಏನನ್ನಾದರೂ ಬೈಪಾಸ್ ಮಾಡಿದ್ದೀರಾ ಅಂತಲೂ ನೇರವಾಗಿ ಕೇಳಿ.

ಒಂದು ಕ್ಷಣವೂ ತಡ ಮಾಡಬಾರದ ಸಂದರ್ಭಗಳೂ ಇವೆ. ನಲ್ಲಿ ನಿಲ್ಲಿಸಿದ ಮೇಲೂ ಉರಿ ನಿಲ್ಲದಿದ್ದರೆ, ಒಳಗಿನ ಪಿನ್ ಸಿಕ್ಕಿಕೊಂಡಿದೆ ಅಥವಾ ಗ್ಯಾಸ್ ವಾಲ್ವ್ ಮುಚ್ಚುತ್ತಿಲ್ಲ ಅಂತ. ಓಡಿಹೋಗಿ ರೆಗ್ಯುಲೇಟರ್ ಆಫ್ ಮಾಡಿ. ಹತ್ತುವಾಗ ಟಿಕ್ ಟಿಕ್ ಬಹಳ ಹೊತ್ತು ಆಗಿ ಧಡ್ ಅಂತ ಹತ್ತಿಕೊಂಡರೆ, ಹತ್ತುವ ಮುಂಚೆ ಗ್ಯಾಸ್ ಒಳಗೆ ತುಂಬಿಕೊಳ್ಳುತ್ತಿದೆ, ಆ ಕ್ಷಣದಿಂದ ಬಳಸಬೇಡಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಲೈಟ್ ಹಾಕುವುದೂ ಬೇಡ, ಆರಿಸುವುದೂ ಬೇಡ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಎಲ್‌ಪಿಜಿ ಲೀಕ್‌ಗೆ ದೇಶಕ್ಕೆಲ್ಲ ಅದೊಂದೇ ನಂಬರ್. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ಮೇಲಿನ ವೆಂಟಿಲೇಟರ್ ಒಂದೇ ತೆರೆದರೆ ಸಾಲದು.

ನಿಮ್ಮ ಬೀದಿಗೆ ಪೈಪ್ ಗ್ಯಾಸ್ ಬಂದಿದ್ದರೆ ಅಥವಾ ಬರುವುದಿದ್ದರೆ ಇದೂ ಗೊತ್ತಿರಲಿ. ಬೆಂಗಳೂರಿನಲ್ಲಿ ಗೇಲ್ ಗ್ಯಾಸ್‌ನವರು ಕೊಡುವುದು ನೈಸರ್ಗಿಕ ಅನಿಲ. ಅದರ ಒತ್ತಡ ಸುಮಾರು 21 ಮಿಲಿಬಾರ್, ಸಿಲಿಂಡರಿನದು 30. ಬರ್ನರಿನ ಜೆಟ್ ರಂಧ್ರವೂ ಬೇರೆ. ಸಿಲಿಂಡರಿನ ಗೀಸರನ್ನು ಹಾಗೆಯೇ ಪೈಪ್ ಗ್ಯಾಸಿಗೆ ಜೋಡಿಸಿದರೆ ಉರಿ ಸೊರಗಿ ಇ-1 ಬರುತ್ತದೆ. ಪೈಪ್ ಗ್ಯಾಸಿನದನ್ನು ಸಿಲಿಂಡರಿಗೆ ಜೋಡಿಸಿದರೆ ಇನ್ನೂ ಕೆಟ್ಟದ್ದು, ಹಳದಿ ಉರಿ, ಮಸಿ, ವಿಷದ ಗಾಳಿ. ಆ ಬದಲಾವಣೆ ಗೀಸರ್ ಕಂಪನಿಯ ಅಧಿಕೃತ ಸರ್ವಿಸ್‌ನವರಿಂದಲೇ ಆಗಬೇಕು.

ಮೆಕ್ಯಾನಿಕ್‌ಗೆ ಫೋನ್ ಮಾಡಿದಾಗ ಬರೀ 'ಇ-1 ಬರ್ತಿದೆ' ಅನ್ನಬೇಡಿ. ಎಷ್ಟು ಹೊತ್ತು ಉರಿದ ಮೇಲೆ ಬಂತು, ಬಾಗಿಲು ಹಾಕಿತ್ತಾ, ಒಲೆ ಉರಿಯುತ್ತಿತ್ತಾ, ಪರೀಕ್ಷೆಯಲ್ಲಿ ಏನಾಯಿತು ಅಂತ ಹೇಳಿ. ಬಂದವರಿಂದ ಕಡ್ಡಿ, ಬರ್ನರ್ ಕ್ಲೀನ್ ಮಾಡಿಸಿ, ರೆಗ್ಯುಲೇಟರ್ ಒತ್ತಡ ನೋಡಿಸಿ. ಗ್ಯಾಸ್ ಪೈಪ್ ಮೇಲಿನ ತಾರೀಕು ನೀವೇ ಓದಿ. ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನೂ ಐದು ವರ್ಷಕ್ಕೆ ಬದಲಿಸಬೇಕು. ಅದನ್ನು ಗೋಡೆಯ ತೂತಿನಲ್ಲಿ ತೂರಿಸಿ ಒಳಗೆ ತಂದಿದ್ದರೆ ಆ ಕೆಲಸ ಮೊದಲೇ ತಪ್ಪಾಗಿದೆ, ಗೋಡೆಯೊಳಗೆ ಅದು ಸವೆದರೂ ಯಾರಿಗೂ ಕಾಣುವುದಿಲ್ಲ.

ಇಷ್ಟೆಲ್ಲ ಮಾಡಿಸಿ ಇ-1 ಹೋದರೂ ಗೀಸರ್ ಅದೇ ಬಾತ್‌ರೂಮಿನಲ್ಲಿ ಉಳಿದರೆ ನನಗೆ ಸಮಾಧಾನವಿಲ್ಲ. ಮನೆ ಮಾಲೀಕರ ಜೊತೆ ಮಾತಾಡಿ. ಸಿಲಿಂಡರ್ ಹೇಗೂ ಯುಟಿಲಿಟಿಯಲ್ಲಿದೆ, ಗೀಸರನ್ನೂ ಅಲ್ಲೇ ಗಾಳಿಯಾಡುವ ಗೋಡೆಗೆ ಹಾಕಿಸಿ ಬಿಸಿನೀರಿನ ಪೈಪನ್ನು ಬಾತ್‌ರೂಮಿಗೆ ಎಳೆಸಿ. ಹೊಸದು ತರುವುದಾದರೆ ಐಎಸ್ 15558 ನಂಬರಿನ ಐಎಸ್‌ಐ ಗುರುತು ಇರುವುದನ್ನೇ ತನ್ನಿ. ಯುಟಿಲಿಟಿಯನ್ನು ಗಾಜು ಹಾಕಿ ಮುಚ್ಚಿಸಿದ್ದರೆ ಅಲ್ಲೂ ಬೇಡ. ಮಾಲೀಕರು ಒಪ್ಪದಿದ್ದರೆ ಕರೆಂಟ್ ಗೀಸರ್ ಹಾಕಿಸಿಕೊಳ್ಳಿ. ಮೂರು ಕಿಲೋವ್ಯಾಟಿನದಕ್ಕೆ 16 ಆಂಪಿಯರ್ ಪಾಯಿಂಟ್ ಮತ್ತು ಸರಿಯಾದ ಅರ್ತಿಂಗ್ ಬೇಕು. ಅದಿದೆಯಾ ಅಂತ ಎಲೆಕ್ಟ್ರಿಷಿಯನ್‌ಗೆ ತೋರಿಸಿದ ಮೇಲೆ ಅಂಗಡಿಗೆ ಹೋಗಿ.